ನಷ್ಟ ಪರಿಹಾರವನ್ನು ಕೋರ್ಟು ಹೇಗೆ ಲೆಕ್ಕ ಹಾಕುತ್ತದೆ? ಗಡಿ ಭಾಗದ ಸದಸ್ಯರಿಗೆ ಕಾನೂನು ಮಾಹಿತಿ

ಜತ್ತ ತಾಲೂಕಿನ ಉಮದಿ, ಸಂಖ, ಮಾಡಗ್ಯಾಳ, ಬಿಳೂರ, ಗುಡ್ಡಾಪುರ ಕಡೆಯ ನಮ್ಮ ಜನರ ವ್ಯವಹಾರ ಒಂದೇ ರಾಜ್ಯದಲ್ಲಿ ಮುಗಿಯುವುದಿಲ್ಲ. ಹೊಲದ ಸಾತಬಾರಾ ಉತಾರೆ ಮಹಾರಾಷ್ಟ್ರದ್ದು, ಬೇದಾಣೆ ಮಾರುವುದು ತಾಸಗಾಂವ, ಸಾಂಗಲಿ ಅಥವಾ ವಿಜಯಪುರದಲ್ಲಿ. ದವಾಖಾನೆಗೆ ವಿಜಯಪುರ ಇಲ್ಲವೇ ಮೀರಜಕ್ಕೆ ಹೋಗುತ್ತೇವೆ. ಬೀಗರು ಅಥಣಿ, ಚಡಚಣ, ಇಂಡಿ ಕಡೆ ಇರುತ್ತಾರೆ. ಆದ್ದರಿಂದ ರಸ್ತೆಯಲ್ಲಿ ಅಪಘಾತವಾದರೆ, ವ್ಯಾಪಾರಿ ಮಾತು ತಪ್ಪಿದರೆ, ಬೀಜ ಹುಸಿಯಾದರೆ ಮೊದಲು ಏಳುವ ಪ್ರಶ್ನೆಗಳು ಎರಡು. ಪರಿಹಾರ ಎಷ್ಟು ಸಿಗುತ್ತದೆ? ಯಾವ ರಾಜ್ಯದ ಕೋರ್ಟಿಗೆ ಹೋಗಬೇಕು?

ಈ ವಿಷಯದಲ್ಲಿ ಗಡಿ ಅಷ್ಟೇನೂ ಅಡ್ಡಿ ಮಾಡುವುದಿಲ್ಲ. ಕರಾರು ಕಾಯ್ದೆ, ಮೋಟಾರು ವಾಹನ ಕಾಯ್ದೆ, ಗ್ರಾಹಕ ರಕ್ಷಣಾ ಕಾಯ್ದೆ ಮೂರೂ ಕೇಂದ್ರದವು. ಸಾಂಗಲಿಯಲ್ಲೂ ವಿಜಯಪುರದಲ್ಲೂ ಒಂದೇ ಕಾನೂನು, ಒಂದೇ ಲೆಕ್ಕ. ಒಂದೇ ತೆರನಾದ ಎರಡು ಪ್ರಕರಣಗಳಲ್ಲಿ ಒಂದು ಮನೆಗೆ ಮೂವತ್ತು ಲಕ್ಷ, ಇನ್ನೊಂದು ಮನೆಗೆ ಇಪ್ಪತ್ತು ಲಕ್ಷ ಬರುವುದಕ್ಕೆ ಬಹಳ ಸಲ ಕಾರಣ ಕಾಗದಪತ್ರ. ನಷ್ಟವಾಗಿದೆ ಎಂದು ಹೇಳಿದರೆ ಸಾಲದು, ಎಷ್ಟಾಗಿದೆ ಎಂದು ತೋರಿಸಬೇಕು. ಕೋರ್ಟು ಅದನ್ನು ಹೇಗೆ ಎಣಿಸುತ್ತದೆ ಎಂಬುದು ತಿಳಿದಿದ್ದರೆ, ಯಾವ ಕಾಗದ ಕಾಯ್ದುಕೊಳ್ಳಬೇಕು ಎಂಬುದೂ ತಿಳಿಯುತ್ತದೆ.

ಎರಡು ಬಗೆಯ ನಷ್ಟ

ಮೊದಲನೆಯದು ಕರಾರು ಮುರಿದುದರಿಂದ ಆಗುವ ನಷ್ಟ. ಇಲ್ಲಿ ಇಬ್ಬರ ನಡುವೆ ಮೊದಲೇ ಒಪ್ಪಂದ ಇರುತ್ತದೆ. ಕರಾರಿನಂತೆ ನಡೆದಿದ್ದರೆ ನೀವು ಯಾವ ಸ್ಥಿತಿಯಲ್ಲಿ ಇರುತ್ತಿದ್ದಿರೋ, ಹಣದ ಮಟ್ಟಿಗೆ ಆ ಸ್ಥಿತಿಗೆ ನಿಮ್ಮನ್ನು ತರುವುದು ಕೋರ್ಟಿನ ಗುರಿ.

ಎರಡನೆಯದು ಒಪ್ಪಂದವೇ ಇಲ್ಲದೆ ಇನ್ನೊಬ್ಬರ ತಪ್ಪಿನಿಂದ ಆಗುವ ನಷ್ಟ. ವಾಹನ ಬಡಿಯುವುದು, ವಿದ್ಯುತ್ ತಂತಿ ಹರಿದು ಬೀಳುವುದು, ಪಕ್ಕದ ಹೊಲದವರು ಹಚ್ಚಿದ ಬೆಂಕಿ ನಮ್ಮ ಕಬ್ಬಿಗೆ ಹತ್ತುವುದು ಇವೆಲ್ಲ ಈ ಗುಂಪಿನವು. ವಕೀಲರು ಇದನ್ನು ಟಾರ್ಟ್ ಎನ್ನುತ್ತಾರೆ, ಕನ್ನಡದ ಕಾನೂನು ಪುಸ್ತಕಗಳಲ್ಲಿ ಅಪಕೃತ್ಯ ಎಂದಿರುತ್ತದೆ. ಇಲ್ಲಿ ಆ ತಪ್ಪು ನಡೆಯದೇ ಇದ್ದಿದ್ದರೆ ನೀವು ಇರುತ್ತಿದ್ದ ಸ್ಥಿತಿಯೇ ಅಳತೆ.

ಎರಡರಲ್ಲೂ ಉದ್ದೇಶ ನಷ್ಟ ತುಂಬಿಕೊಡುವುದು. ಎದುರಿನವರಿಗೆ ದಂಡ ಹಾಕುವುದಲ್ಲ, ನಷ್ಟವಾದವರಿಗೆ ಲಾಭ ಮಾಡಿಕೊಡುವುದೂ ಅಲ್ಲ.

ಕರಾರು ಮುರಿದಾಗ: ಕಲಂ 73

1872ರ ಭಾರತೀಯ ಕರಾರು ಕಾಯ್ದೆಯ ಕಲಂ 73 ಇದಕ್ಕೆ ಮೂಲ. ಕರಾರು ಮುರಿದಾಗ ಸಹಜವಾಗಿ ಆಗುವ ನಷ್ಟ ಸಿಗುತ್ತದೆ. ಜೊತೆಗೆ, ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ವಿಶೇಷ ನಷ್ಟವೂ ಸಿಗುತ್ತದೆ. ದೂರದ, ಸುತ್ತಿ ಬಳಸಿ ಬಂದ ನಷ್ಟ ಸಿಗುವುದಿಲ್ಲ.

ಈ ನಿಯಮದ ಬೇರು ಇಂಗ್ಲೆಂಡಿನ 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಪ್ರಕರಣದಲ್ಲಿದೆ. ಗ್ಲಾಸ್ಟರ್ ಊರಿನ ಹಿಟ್ಟಿನ ಮಿಲ್ಲಿನ ಕಬ್ಬಿಣದ ದಂಡ ಮುರಿದಿತ್ತು. ಅದನ್ನು ಒಯ್ಯಬೇಕಾದ ಸಾಗಣೆದಾರರು ತಡ ಮಾಡಿದರು, ಮಿಲ್ಲು ಅಷ್ಟು ದಿನ ನಿಂತಿತು. ಆ ದಂಡ ಬರುವವರೆಗೆ ಮಿಲ್ಲು ನಡೆಯುವುದೇ ಇಲ್ಲ ಎಂಬುದು ಸಾಗಣೆದಾರರಿಗೆ ಸರಿಯಾಗಿ ಗೊತ್ತಿರಲಿಲ್ಲವಾದ್ದರಿಂದ ನಿಂತ ದಿನಗಳ ಲಾಭವನ್ನು ಕೋರ್ಟು ಕೊಡಿಸಲಿಲ್ಲ.

ನಮ್ಮ ಕಾಯ್ದೆಯಲ್ಲೇ ಕೊಟ್ಟಿರುವ ಒಂದು ಉದಾಹರಣೆ ಇನ್ನೂ ಸ್ಪಷ್ಟ. ಯಂತ್ರ ಬರದೆ ಮಿಲ್ಲು ನಿಂತಿದೆ ಎಂದು ತಿಳಿಸಿಯೇ ಒಬ್ಬನು ಯಂತ್ರವನ್ನು ಸಾಗಣೆಗೆ ಕೊಡುತ್ತಾನೆ. ಅದು ತಡವಾಗಿ ಮುಟ್ಟುತ್ತದೆ, ಸರ್ಕಾರದ ಲಾಭದ ಗುತ್ತಿಗೆಯೂ ಕೈ ತಪ್ಪುತ್ತದೆ. ತಡವಾದ ದಿನಗಳ ಸರಾಸರಿ ಲಾಭ ಅವನಿಗೆ ಸಿಗುತ್ತದೆ, ಗುತ್ತಿಗೆ ತಪ್ಪಿದ ನಷ್ಟ ಸಿಗುವುದಿಲ್ಲ. ನಾವು ಇದರಿಂದ ತಿಳಿಯಬೇಕಾದುದು ಇಷ್ಟು: ಬೋರಿನ ಪಂಪು ರಿಪೇರಿಗೆ ಕೊಡುವಾಗ, ದ್ರಾಕ್ಷಿ ಪೆಟ್ಟಿಗೆ ಲಾರಿಗೆ ಹಾಕುವಾಗ ತಡವಾದರೆ ಏನು ನಷ್ಟ ಎಂಬುದನ್ನು ಚೀಟಿಯಲ್ಲೋ ವಾಟ್ಸಾಪಿನಲ್ಲೋ ಬರೆದು ತಿಳಿಸಿ. ಬರೆದು ತಿಳಿಸದಿದ್ದರೆ ಆಮೇಲೆ ಎದುರಿನವರು ನನಗೆ ಗೊತ್ತೇ ಇರಲಿಲ್ಲ ಎನ್ನಬಹುದು.

ಪೇಟೆ ದರದ ಲೆಕ್ಕ

ಮಾಲಿನ ವ್ಯವಹಾರದಲ್ಲಿ ಲೆಕ್ಕ ಸುಲಭ: ಕರಾರಿನ ದರ ಮತ್ತು ಕರಾರು ಮುರಿದ ದಿನದ ಪೇಟೆ ದರ, ಇವೆರಡರ ನಡುವಿನ ವ್ಯತ್ಯಾಸ.

ಒಂದು ಕಲ್ಪಿತ ಉದಾಹರಣೆ ನೋಡೋಣ. 3,000 ಕಿಲೋ ಬೇದಾಣೆಯನ್ನು ಕಿಲೋಗೆ 200 ರೂಪಾಯಿಯಂತೆ ಕೊಳ್ಳುವುದಾಗಿ ವ್ಯಾಪಾರಿ ಕರಾರು ಮಾಡಿ, ಮಾಲು ಎತ್ತುವ ದಿನ ಬೇಡ ಎಂದ. ಆ ದಿನದ ಪೇಟೆ ದರ 170 ಇದ್ದರೆ ನಷ್ಟ ಕಿಲೋಗೆ 30, ಒಟ್ಟು 90,000 ರೂಪಾಯಿ. ರೈತ ಮಾಲನ್ನು ನಾಲ್ಕು ತಿಂಗಳು ಇಟ್ಟುಕೊಂಡು ಕುಳಿತು, ದರ 130ಕ್ಕೆ ಇಳಿದ ಮೇಲೆ ಮಾರಿದರೆ ಆ ಹೆಚ್ಚಿನ 40 ರೂಪಾಯಿಯನ್ನು ಸಾಮಾನ್ಯವಾಗಿ ಕೇಳಲು ಬರುವುದಿಲ್ಲ. ನಷ್ಟ ಕಡಿಮೆ ಮಾಡಿಕೊಳ್ಳಲು ಕೈಲಾದ ದಾರಿಗಳಿದ್ದವೇ ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದು ಕಲಂ 73ರ ವಿವರಣೆಯೇ ಹೇಳುತ್ತದೆ. ಮತ್ತೆ ಮಾರಲು ತಗುಲಿದ ಬಾಡಿಗೆ, ಹಮಾಲಿಯಂಥ ನ್ಯಾಯವಾದ ಖರ್ಚನ್ನು ಮಾತ್ರ ರಸೀದಿ ತೋರಿಸಿ ಕೇಳಬಹುದು.

ಯಾವ ಪೇಟೆಯ ದರ ಎಂಬುದೂ ಮುಖ್ಯ. ಮುರಲೀಧರ ಚಿರಂಜಿಲಾಲ್ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪು ಇದಕ್ಕೆ ಪಾಠ. ಕ್ಯಾನ್ವಾಸ್ ಬಟ್ಟೆಯ ವ್ಯವಹಾರ. ಮಾಲು ಕೊಡಬೇಕಾದ ಸ್ಥಳ ಕಾನ್ಪುರ. ಕೊಂಡವರು ಸಾಬೀತು ಮಾಡಿದ್ದು ಕಲ್ಕತ್ತಾದ ದರವನ್ನು. ಕರಾರು ಮುರಿದ ದಿನದ ಕಾನ್ಪುರದ ದರ ತೋರಿಸದ ಕಾರಣ ಅವರಿಗೆ ನಷ್ಟ ಪರಿಹಾರ ಸಿಗಲಿಲ್ಲ. ತಾಸಗಾಂವದ ದರವೂ ವಿಜಯಪುರದ ದರವೂ ಒಂದೇ ಇರುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಮಾಲು ಎಲ್ಲಿ ಕೊಡಬೇಕಿತ್ತೋ ಅಲ್ಲಿನ ಮಾರುಕಟ್ಟೆ ಸಮಿತಿಯ ಆ ದಿನದ ದರಪಟ್ಟಿಯನ್ನೇ ತೆಗೆದಿಟ್ಟುಕೊಳ್ಳಿ.

ಹಣ ಕೊಡದ ವ್ಯಾಪಾರಿ

ಮಾಲು ಒಯ್ದು ಹಣ ಕೊಡದಿದ್ದರೆ? ಈ ಜಾಗದಲ್ಲಿ ಕಾನೂನು ಕಠಿಣವಾಗಿದೆ. ಹೇಳಿದ ದಿನ ಹಣ ಬರದೆ ಸಾಲ ತೀರಿಸಲಾಗದೆ ಒಬ್ಬನು ಪೂರ್ತಿ ಹಾಳಾದರೂ, ಅವನಿಗೆ ಸಿಗುವುದು ಅಸಲು ಮತ್ತು ಹಣ ಕೊಡುವ ದಿನದವರೆಗಿನ ಬಡ್ಡಿ ಮಾತ್ರ ಎಂದು ಕಾಯ್ದೆಯ ಉದಾಹರಣೆಯಲ್ಲೇ ಇದೆ. ಮಗಳ ಮದುವೆ ನಿಂತಿತು, ತೋಟ ಹರಾಜಾಯಿತು ಎಂಬ ನೋವಿಗೆ ಅಲ್ಲಿ ಲೆಕ್ಕವಿಲ್ಲ. ಆದ್ದರಿಂದ ತಡವಾದರೆ ಎಷ್ಟು ಬಡ್ಡಿ ಎಂಬುದನ್ನು ಪಟ್ಟಿಯಲ್ಲಿ ಅಥವಾ ಕರಾರು ಪತ್ರದಲ್ಲಿ ಮೊದಲೇ ಬರೆಸುವುದು ಒಳ್ಳೆಯದು.

ಕರಾರಿನಲ್ಲಿ ಬರೆದ ದಂಡ: ಕಲಂ 74

ಕರಾರು ಮುರಿದರೆ ಐದು ಲಕ್ಷ ಕೊಡತಕ್ಕದ್ದು ಎಂದು ಬಾಂಡ್ ಪೇಪರಿನ ಮೇಲೆ ಬರೆಸುವುದು ವಾಡಿಕೆ. ಬರೆದ ಮಾತ್ರಕ್ಕೆ ಐದು ಲಕ್ಷ ಸಿಗುವುದಿಲ್ಲ. ಕಲಂ 74ರ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ. ಅದರೊಳಗೆ ನ್ಯಾಯವೆನಿಸಿದಷ್ಟನ್ನು ಕೋರ್ಟು ಕೊಡಿಸುತ್ತದೆ.

1963ರ ಫತೇಚಂದ್ ಪ್ರಕರಣದಲ್ಲಿ ಬಂಗಲೆಯ ಮಾರಾಟಕ್ಕೆ ಖರೀದಿದಾರರು 1,000 ರೂಪಾಯಿ ಸಂಚಕಾರವನ್ನೂ, ನಂತರ ಬೆಲೆಯ ಭಾಗವಾಗಿ 24,000 ರೂಪಾಯಿಯನ್ನೂ ಕೊಟ್ಟಿದ್ದರು. ವ್ಯವಹಾರ ಮುರಿಯಿತು. ಕರಾರಿನಲ್ಲಿ ಪೂರ್ತಿ ಮುಟ್ಟುಗೋಲು ಎಂದಿದ್ದರೂ, ನಷ್ಟ ಸಾಬೀತಾಗದ ಕಾರಣ 24,000 ರೂಪಾಯಿಯನ್ನು ಇಟ್ಟುಕೊಳ್ಳಲು ಸುಪ್ರೀಂ ಕೋರ್ಟು ಬಿಡಲಿಲ್ಲ. ಸಂಚಕಾರದ 1,000 ರೂಪಾಯಿಯನ್ನು ಮಾತ್ರ ಇಟ್ಟುಕೊಳ್ಳಬಹುದಾಯಿತು. 2015ರ ಕೈಲಾಶ್‌ನಾಥ್ ಪ್ರಕರಣದಲ್ಲಿಯೂ ನಷ್ಟವನ್ನು ಸಾಬೀತು ಮಾಡಲು ಸಾಧ್ಯವಿದ್ದಲ್ಲಿ ಸಾಬೀತು ಮಾಡಲೇಬೇಕು ಎಂದು ಕೋರ್ಟು ಹೇಳಿತು. ಹೊಲ ಕೊಳ್ಳಲು ದೊಡ್ಡ ಮೊತ್ತ ಮುಂಗಡ ಕೊಟ್ಟು ವ್ಯವಹಾರ ಮುರಿದುಬಿದ್ದವರು ಹಣ ಹೋಯಿತೆಂದು ಸುಮ್ಮನೆ ಕೂರಬೇಕಿಲ್ಲ. ಕಬ್ಬು ಕಡಿಯುವ ಟೋಳಿಗೆ ಉಚಲ್ ಕೊಟ್ಟ ಮುಕಾದಮರೂ ಅಷ್ಟೇ, ಬಾಂಡಿನಲ್ಲಿ ಬರೆದ ಇಮ್ಮಡಿ ಮೊತ್ತ ತಾನಾಗಿ ಸಿಗುತ್ತದೆ ಎಂದು ತಿಳಿಯಬಾರದು.

ರಸ್ತೆ ಅಪಘಾತದಲ್ಲಿ ಸಾವು: ಲೆಕ್ಕದ ಮೆಟ್ಟಿಲುಗಳು

ಅಪಕೃತ್ಯದ ಪರಿಹಾರದಲ್ಲಿ ನಮ್ಮ ಜನರಿಗೆ ಹೆಚ್ಚು ಬೇಕಾಗುವುದು ಮೋಟಾರು ಅಪಘಾತದ್ದು. ಇದರ ಲೆಕ್ಕಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಆಧಾರ: 2009ರ ಸರಳಾ ವರ್ಮಾ ಪ್ರಕರಣ ಮತ್ತು 2017ರ ಅಕ್ಟೋಬರ್ 31ರಂದು ಐವರು ನ್ಯಾಯಮೂರ್ತಿಗಳ ಪೀಠ ನೀಡಿದ ಪ್ರಣಯ್ ಸೇಠಿ ಪ್ರಕರಣ.

1. ತೀರಿಕೊಂಡವರ ತಿಂಗಳ ಆದಾಯ ಎಷ್ಟು?

2. ಮುಂದೆ ಆಗಬಹುದಾಗಿದ್ದ ಏರಿಕೆ ಸೇರಿಸಬೇಕು. ಸ್ವಂತ ದುಡಿಮೆಯವರು ಮತ್ತು ನಿಗದಿ ಸಂಬಳದವರಾದರೆ 40 ವರ್ಷದೊಳಗೆ ಶೇ. 40, 40ರಿಂದ 50ಕ್ಕೆ ಶೇ. 25, 50ರಿಂದ 60ಕ್ಕೆ ಶೇ. 10. ಕಾಯಂ ನೌಕರರಿಗೆ ಇದೇ ವಯಸ್ಸುಗಳಿಗೆ ಶೇ. 50, 30 ಮತ್ತು 15.

3. ಅವರು ತಮಗಾಗಿ ಖರ್ಚು ಮಾಡುತ್ತಿದ್ದುದನ್ನು ಕಳೆಯಬೇಕು. ಅವಲಂಬಿತರು 2 ಅಥವಾ 3 ಇದ್ದರೆ ಮೂರನೇ ಒಂದು ಭಾಗ, 4ರಿಂದ 6 ಇದ್ದರೆ ನಾಲ್ಕನೇ ಒಂದು ಭಾಗ, 6ಕ್ಕಿಂತ ಹೆಚ್ಚಿದ್ದರೆ ಐದನೇ ಒಂದು ಭಾಗ. ಮದುವೆಯಾಗದವರಾದರೆ ಸಾಮಾನ್ಯವಾಗಿ ಅರ್ಧ.

4. ವರ್ಷದ ಮೊತ್ತವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 15ರಿಂದ 25 ವರ್ಷಕ್ಕೆ 18, 26–30ಕ್ಕೆ 17, 31–35ಕ್ಕೆ 16, 36–40ಕ್ಕೆ 15, 41–45ಕ್ಕೆ 14, 46–50ಕ್ಕೆ 13, 51–55ಕ್ಕೆ 11, 56–60ಕ್ಕೆ 9, 61–65ಕ್ಕೆ 7, ಅದಕ್ಕೂ ಮೇಲೆ 5.

5. ಕೊನೆಗೆ ನಿಗದಿತ ಮೊತ್ತಗಳು. ಅಂತ್ಯಕ್ರಿಯೆಗೆ 15,000, ಆಸ್ತಿಯ ನಷ್ಟಕ್ಕೆ 15,000, ಸಾಂಗತ್ಯದ ನಷ್ಟಕ್ಕೆ 40,000. ಮೂರು ವರ್ಷಕ್ಕೊಮ್ಮೆ ಇವಕ್ಕೆ ಶೇ. 10 ಸೇರಬೇಕು; ಎರಡು ಸಲ ಸೇರಿದಾಗ ಇವು 18,150 ಮತ್ತು 48,400 ಆಗುತ್ತವೆ. ಸಾಂಗತ್ಯದ ಮೊತ್ತ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆ ತಾಯಿಗೂ ಸಲ್ಲುತ್ತದೆ ಎಂದು 2018ರ ಮ್ಯಾಗ್ಮಾ ಜನರಲ್ ಇನ್ಶೂರೆನ್ಸ್ ಪ್ರಕರಣದಲ್ಲಿ ತೀರ್ಪಾಗಿದೆ.

ಈಗ ಒಂದು ಕಲ್ಪಿತ ಲೆಕ್ಕ. 34 ವರ್ಷದ ಟ್ರ್ಯಾಕ್ಟರ್ ಚಾಲಕ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳಿಗೆ 15,000 ರೂಪಾಯಿ ದುಡಿಮೆ ಎಂಬುದು ಬ್ಯಾಂಕ್ ಪಾಸ್‌ಬುಕ್ಕಿನಿಂದ ಮತ್ತು ಮಾಲೀಕರ ಸಾಕ್ಷ್ಯದಿಂದ ಸಾಬೀತಾಯಿತು ಎನ್ನೋಣ. ಶೇ. 40 ಸೇರಿಸಿದರೆ 21,000. ನಾಲ್ಕನೇ ಒಂದು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಗುಣಕ 16, ಅಂದರೆ 30,24,000 ರೂಪಾಯಿ. ನಿಗದಿತ ಮೊತ್ತಗಳು ಇದರ ಮೇಲೆ.

ಅದೇ ಚಾಲಕ, ಅದೇ ಮನೆ. ಆದರೆ ಆದಾಯಕ್ಕೆ ಯಾವ ಕಾಗದವೂ ಇಲ್ಲದೆ ನ್ಯಾಯಮಂಡಳಿ ಅಂದಾಜಿನಲ್ಲಿ 10,000 ಹಿಡಿಯಿತು ಎನ್ನೋಣ. 14,000, ಬಳಿಕ 10,500, ವರ್ಷಕ್ಕೆ 1,26,000, ಗುಣಿಸಿದರೆ 20,16,000. ತಿಂಗಳಿಗೆ ಐದು ಸಾವಿರದ ಪುರಾವೆ ಇಲ್ಲದ್ದಕ್ಕೆ ಆ ಮನೆಗೆ ಕಡಿಮೆಯಾದದ್ದು 10,08,000 ರೂಪಾಯಿ. ಕೂಲಿ ಹಣವನ್ನು ಕೈಯಲ್ಲೇ ಪಡೆಯುವ ನಮ್ಮ ಊರುಗಳಲ್ಲಿ ಈ ಒಂದು ಲೆಕ್ಕವನ್ನು ಪ್ರತಿ ಮನೆಯೂ ತಿಳಿದಿರಬೇಕು.

ಕಾಗದವೇ ಇಲ್ಲದವರಿಗೆ

ಹಾಗೆಂದು ಕಾಗದವಿಲ್ಲದವರಿಗೆ ದಾರಿಯೇ ಇಲ್ಲವೆಂದಲ್ಲ. ಕರ್ನಾಟಕದಿಂದ ಹೋದ ಎರಡು ಪ್ರಕರಣಗಳು ಇದಕ್ಕೆ ಆಧಾರ. 2011ರ ರಾಮಚಂದ್ರಪ್ಪ ಪ್ರಕರಣದಲ್ಲಿ ಕೂಲಿಯವರೊಬ್ಬರು ತಿಂಗಳಿಗೆ 4,500 ರೂಪಾಯಿ ದುಡಿಮೆ ಎಂದು ಹೇಳಿದ್ದರು, ಕೆಳಗೆ 3,000 ಎಂದು ಹಿಡಿಯಲಾಗಿತ್ತು. ಆ ಕಾಲದ ಕೂಲಿ ದರ ನೋಡಿದರೆ ಅವರು ಹೇಳಿದ್ದು ನಂಬುವಂತಿದೆ ಎಂದು ಸುಪ್ರೀಂ ಕೋರ್ಟು 4,500ನ್ನೇ ಒಪ್ಪಿತು. 2014ರ ಸೈಯದ್ ಸಾದಿಕ್ ಪ್ರಕರಣದಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯಿಂದ ಆದಾಯದ ದಾಖಲೆ ಕೇಳುವ ಅಗತ್ಯವಿರಲಿಲ್ಲ ಎಂದು ಹೇಳಿ, ತಿಂಗಳಿಗೆ 6,500 ರೂಪಾಯಿ ಹಿಡಿಯಿತು.

ಮನೆಗೆಲಸ ಮಾಡುವ ಹೆಣ್ಣುಮಕ್ಕಳಿಗೆ ಆದಾಯವೇ ಇಲ್ಲ ಎಂಬ ವಾದವನ್ನೂ ಕೋರ್ಟು ಒಪ್ಪುವುದಿಲ್ಲ. ಅಡುಗೆ, ಮಕ್ಕಳು, ಹಿರಿಯರ ಆರೈಕೆ, ಹೊಲಮನೆ ಕೆಲಸಕ್ಕೆ ಬೆಲೆಯಿದೆ, ಅದಕ್ಕೆ ಅಂದಾಜು ಆದಾಯ ಹಿಡಿಯಬೇಕು, ಮುಂದಿನ ಏರಿಕೆಯನ್ನೂ ಸೇರಿಸಬಹುದು ಎಂದು 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ದೊಡ್ಡ ಸಂಬಳದವರ ವಿಷಯದಲ್ಲೂ ಜಗಳ ಆದಾಯದ ಬಗ್ಗೆಯೇ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಜನ ತೀರಿಕೊಂಡರು. ಅವರಲ್ಲಿ ಒಬ್ಬರ ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟು 7.64 ಕೋಟಿ ರೂಪಾಯಿ ನಿಗದಿ ಮಾಡಿತು. ವಿಮಾನ ಪ್ರಯಾಣಕ್ಕೆ ಬೇರೆ ಕಾನೂನು ಇದೆ, ಆದರೂ ಅಲ್ಲಿನ ಮುಖ್ಯ ಪ್ರಶ್ನೆ ಸಂಬಳದ ಜೊತೆಗಿನ ಭತ್ಯೆಗಳನ್ನು ಆದಾಯದಲ್ಲಿ ಸೇರಿಸಬೇಕೇ ಎಂಬುದಾಗಿತ್ತು. ಮಾಲೀಕರು ಸಂಬಳವನ್ನು ಹಲವು ಹೆಸರಿನಲ್ಲಿ ಹಂಚಿ ತೋರಿಸಿದ ಮಾತ್ರಕ್ಕೆ ಅದನ್ನು ಕಳೆಯಲಾಗದು ಎಂದು ಕೋರ್ಟು ಹೇಳಿತು.

ಗಾಯ ಮತ್ತು ಅಂಗವೈಕಲ್ಯ

ಗಾಯವಾದವರಿಗೆ ದವಾಖಾನೆ ಖರ್ಚು, ಓಡಾಟ, ಪೌಷ್ಟಿಕ ಆಹಾರ, ಆರೈಕೆ ಮಾಡಿದವರ ಖರ್ಚು, ದುಡಿಮೆ ತಪ್ಪಿದ ದಿನಗಳ ಆದಾಯ, ಮುಂದಿನ ಚಿಕಿತ್ಸೆ, ನೋವು ಸಂಕಟ, ಮುಂದಿನ ದುಡಿಮೆಯ ನಷ್ಟ, ಹೀಗೆ ಬೇರೆ ಬೇರೆ ತಲೆಬರಹದಲ್ಲಿ ಪರಿಹಾರ ಎಣಿಸುತ್ತಾರೆ.

ಡಾಕ್ಟರು ಬರೆದ ಶೇಕಡಾವಾರು ವೈಕಲ್ಯವೂ ದುಡಿಮೆಯ ನಷ್ಟವೂ ಒಂದೇ ಅಲ್ಲ. ಎಡಗೈ ಹೋದ ಗುಮಾಸ್ತನ ನೌಕರಿ ಉಳಿಯಬಹುದು, ಅದೇ ಕೈ ಹೋದ ಚಾಲಕನ ಅಥವಾ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ ಎಂದು 2010ರ ರಾಜಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿವರಿಸಿತು. ಮೇಲೆ ಹೇಳಿದ ತರಕಾರಿ ವ್ಯಾಪಾರಿಯ ಪ್ರಕರಣದಲ್ಲಿ ವೈಕಲ್ಯವನ್ನು ಶೇ. 65ರ ಬದಲು ಶೇ. 85 ಎಂದು ಹಿಡಿದದ್ದು ಇದೇ ದೃಷ್ಟಿಯಿಂದ. ಕುರಿ ಕಾಯುವವರು, ದ್ರಾಕ್ಷಿ ಚಾಟಣಿ ಮಾಡುವವರು, ಕಬ್ಬು ಕಡಿಯುವವರು ತಮ್ಮ ಕೆಲಸಕ್ಕೆ ಕಾಲು, ಕೈ ಎಷ್ಟು ಬೇಕು ಎಂಬುದನ್ನು ಸಾಕ್ಷ್ಯ ಹೇಳುವಾಗ ಬಿಡಿಸಿ ಹೇಳಬೇಕು. ಪ್ರಮಾಣಪತ್ರ ಕೊಟ್ಟ ಡಾಕ್ಟರನ್ನು ಸಾಕ್ಷಿಯಾಗಿ ಕರೆಸಬೇಕಾಗಬಹುದು; ಅವರು ವಿಜಯಪುರದವರಾಗಿ ಪ್ರಕರಣ ಸಾಂಗಲಿಯಲ್ಲಿದ್ದರೆ ಇದನ್ನು ವಕೀಲರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಯಾವಾಗ ಪರಿಹಾರ ಕಡಿಮೆಯಾಗುತ್ತದೆ?

ಗಾಯಾಳುವಿನ ತಪ್ಪೂ ಅಪಘಾತಕ್ಕೆ ಕಾರಣವಾಗಿದ್ದರೆ ಅಷ್ಟು ಪಾಲು ಕಳೆಯುತ್ತಾರೆ. ಶೇ. 20 ತಪ್ಪು ಎಂದಾದರೆ ಪರಿಹಾರದಲ್ಲಿ ಶೇ. 20 ಹೋಗುತ್ತದೆ. ಆದರೆ ನಿಯಮ ಮುರಿದದ್ದಕ್ಕೂ ಅಪಘಾತಕ್ಕೂ ಸಂಬಂಧ ಇರಬೇಕು. ಬೈಕಿನಲ್ಲಿ ಮೂವರಿದ್ದರು ಎಂಬ ಒಂದೇ ಕಾರಣಕ್ಕೆ ಹಿಂದೆ ಕುಳಿತವರ ಪರಿಹಾರ ಕಡಿತ ಮಾಡಲಾಗದು ಎಂದು 2020ರ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ತೀರ್ಪು ಬಂದಿದೆ.

ಇನ್ನೊಂದು ಎಚ್ಚರಿಕೆ: ಟ್ರಾಲಿ, ಟೆಂಪೋ, ಲಾರಿಗಳಲ್ಲಿ ಜಾತ್ರೆಗೋ ಮದುವೆಗೋ ಸುಮ್ಮನೆ ಹತ್ತಿ ಹೊರಟವರಿಗೆ ಅಪಘಾತವಾದರೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರ ಆಶಾ ರಾಣಿ ಪ್ರಕರಣದಿಂದ ನೆಲೆನಿಂತಿದೆ. ಆಗ ವಾಹನದ ಮಾಲೀಕರಿಂದಲೇ ವಸೂಲು ಮಾಡಬೇಕಾಗುತ್ತದೆ, ಅವರ ಬಳಿ ಹಣ ಇರಬೇಕಷ್ಟೆ. ಕೆಲಸದ ಮೇಲೆ ಹೋದ ಕೂಲಿಯವರಿಗೆ ನೌಕರರ ಪರಿಹಾರ ಕಾನೂನಿನ ದಾರಿಯೂ ಇದೆ. ಎರಡು ಕಾಯ್ದೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಬಡಿದ ವಾಹನ ಯಾವುದೆಂದು ಪತ್ತೆಯೇ ಆಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. ಅರ್ಜಿಯನ್ನು ಅಪಘಾತ ನಡೆದ ತಾಲೂಕಿನ ಕಂದಾಯ ಅಧಿಕಾರಿಗಳಿಗೆ ಕೊಡಬೇಕು.

ವಿದ್ಯುತ್ ತಂತಿ, ಬೀಜ, ಬೆಳೆ, ದನಕರು

ಹರಿದು ಬಿದ್ದ ವಿದ್ಯುತ್ ತಂತಿಯಿಂದ ಸಾವಾದರೆ ಮಂಡಳಿಯ ನಿರ್ಲಕ್ಷ್ಯವನ್ನು ಕುಟುಂಬ ಸಾಬೀತು ಮಾಡಬೇಕಿಲ್ಲ. ಮಧ್ಯಪ್ರದೇಶ ವಿದ್ಯುತ್ ಮಂಡಳಿಯ 2002ರ ಪ್ರಕರಣದಲ್ಲಿ, ಯಾರೋ ಕಳ್ಳತನದಿಂದ ತಂತಿ ಎಳೆದಿದ್ದರು ಎಂದು ಮಂಡಳಿ ವಾದಿಸಿದರೂ ಸುಪ್ರೀಂ ಕೋರ್ಟು ಹೊಣೆಯಿಂದ ಬಿಡಲಿಲ್ಲ. ಅಪಾಯಕಾರಿ ವಸ್ತುವನ್ನು ನಡೆಸುವವರೇ ಅದರಿಂದಾದ ಹಾನಿಗೆ ಹೊಣೆ ಎಂಬುದು ಅದರ ತಿರುಳು.

ಬೀಜ ಮೊಳೆಯದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ರೈತನೂ ಗ್ರಾಹಕನೇ, ಪರೀಕ್ಷೆಗೆಂದು ರೈತ ಒಂದಿಷ್ಟು ಬೀಜ ಎತ್ತಿಟ್ಟಿರಬೇಕೆಂದು ನಿರೀಕ್ಷಿಸಲಾಗದು ಎಂದು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ತೀರ್ಪಾಗಿದೆ. ಹಾಗಿದ್ದರೂ ಖಾಲಿ ಚೀಲ, ಅದರ ಮೇಲಿನ ಲಾಟ್ ನಂಬರು ಮತ್ತು ಬಿಲ್ಲು ಕಾಯ್ದುಕೊಂಡರೆ ಕೆಲಸ ಹಗುರ.

ಬೆಳೆ ನಷ್ಟದಲ್ಲಿ ಬರಬೇಕಾಗಿದ್ದ ಇಳುವರಿಯನ್ನು ಪೇಟೆ ದರದಿಂದ ಗುಣಿಸಿ, ಕೊಯ್ಲು, ಸಾಗಣೆಯಂಥ ಉಳಿದ ಖರ್ಚನ್ನು ಕಳೆಯಬೇಕು. ಕುರಿ, ಎಮ್ಮೆ ಸತ್ತರೆ ಆ ದಿನದ ಪೇಟೆ ಬೆಲೆ. ಮಾಡಗ್ಯಾಳ ತಳಿಯ ಟಗರಿಗೂ ಸಾಮಾನ್ಯ ಕುರಿಗೂ ಬೆಲೆಯಲ್ಲಿ ಬಹಳ ಅಂತರವಿದೆ, ಆದರೆ ತಳಿ ಯಾವುದೆಂದು ಪಂಚನಾಮೆಯಲ್ಲಿ ಬರೆಸದಿದ್ದರೆ ಬರೀ ಕುರಿಯ ಬೆಲೆ ಹಿಡಿಯುತ್ತಾರೆ. ತಲಾಠಿ, ಪಶುವೈದ್ಯರ ವರದಿ ಮತ್ತು ಫೋಟೋ ಅದೇ ದಿನ ಆಗಲಿ.

ಯಾವ ರಾಜ್ಯದ ಕೋರ್ಟು?

ಮೋಟಾರು ಅಪಘಾತದಲ್ಲಿ ಆಯ್ಕೆ ಅರ್ಜಿದಾರರದು. ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ಮಾಡುವ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ಇವುಗಳಲ್ಲಿ ಯಾವುದಾದರೂ ಒಂದರ ನ್ಯಾಯಮಂಡಳಿ ಆಗುತ್ತದೆ ಎಂದು ಮೋಟಾರು ವಾಹನ ಕಾಯ್ದೆಯ ಕಲಂ 166 ಹೇಳುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಅಪಘಾತವಾದ ಜತ್ತದ ಕುಟುಂಬ ಸಾಂಗಲಿಯಲ್ಲೇ ಅರ್ಜಿ ಹಾಕಬಹುದು. ಅಲ್ಲಿಯೇ ಹಾಕಬೇಕೆಂದು ಯಾರಾದರೂ ಅಲೆದಾಡಿಸಿದರೆ ನಂಬಬೇಡಿ.

ಗ್ರಾಹಕ ಪ್ರಕರಣದಲ್ಲೂ 2019ರ ಕಾಯ್ದೆಯಿಂದ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ.

ಕರಾರಿನ ದಾವೆಯಲ್ಲಿ ಹಾಗಿಲ್ಲ. ಎದುರುದಾರರು ಇರುವಲ್ಲಿ, ಅಥವಾ ಕರಾರು ಆದ, ಮುರಿದ, ಹಣ ಕೊಡಬೇಕಾದ ಸ್ಥಳದಲ್ಲಿ ದಾವೆ ಹೂಡಬೇಕು. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಥ ಊರಿನ ಕೋರ್ಟಿನ ವ್ಯಾಪ್ತಿ ಮಾತ್ರ ಎಂದು ಅಚ್ಚಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಸಹಿ ಹಾಕುವ ಮೊದಲು ಓದಿ. ಸಾಂಗಲಿಯಲ್ಲಿ ಸಿಕ್ಕ ಡಿಕ್ರಿಯನ್ನು ವಿಜಯಪುರದ ವ್ಯಾಪಾರಿಯಿಂದ ವಸೂಲು ಮಾಡಲು ಅಲ್ಲಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಲು ಬರುತ್ತದೆ.

ಮೇಲ್ಮನವಿಗೆ ಸಾಂಗಲಿಯವರು ಈಗ ಮುಂಬೈವರೆಗೆ ಹೋಗಬೇಕಿಲ್ಲ. ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಪೀಠ 2025ರ ಆಗಸ್ಟ್‌ನಲ್ಲಿ ಆರಂಭವಾಗಿದೆ, ಸಾಂಗಲಿ ಮತ್ತು ಸೊಲ್ಲಾಪುರ ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ವಿಜಯಪುರ ಜಿಲ್ಲೆಗೆ ಕಲಬುರಗಿ ಪೀಠ, ಅಥಣಿ ಸೇರಿದ ಬೆಳಗಾವಿ ಜಿಲ್ಲೆಗೆ ಧಾರವಾಡ ಪೀಠ.

ಭಾಷೆಯ ವಿಷಯ. ಮಹಾರಾಷ್ಟ್ರದ ಕೋರ್ಟಿನಲ್ಲಿ ಕನ್ನಡದ ಎಫ್‌ಐಆರ್, ಪಂಚನಾಮೆ, ಪಹಣಿಗಳಿಗೆ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಕರ್ನಾಟಕದ ಕೋರ್ಟಿನಲ್ಲಿ ಸಾತಬಾರಾದಂಥ ಮರಾಠಿ ಕಾಗದಕ್ಕೆ ಕನ್ನಡ ಅಥವಾ ಇಂಗ್ಲಿಷ್ ಅನುವಾದ ಬೇಕು. ಕನ್ನಡ ಮಾತ್ರ ಬರುವ ಸಾಕ್ಷಿದಾರರು ಕನ್ನಡದಲ್ಲೇ ಹೇಳಬಹುದು, ದುಭಾಷಿ ಬೇಕೆಂದು ಮೊದಲೇ ಕೋರ್ಟಿಗೆ ತಿಳಿಸಬೇಕು. ಅರ್ಧಂಬರ್ಧ ಮರಾಠಿಯಲ್ಲಿ ಹೇಳಿ ಆದಾಯದ ಅಂಕಿ ತಪ್ಪಾಗಿ ದಾಖಲಾದರೆ ಅದನ್ನು ಆಮೇಲೆ ತಿದ್ದಿಸುವುದು ಕಷ್ಟ.

ಗಡುವು ತಪ್ಪಿಸಬೇಡಿ

ಮೋಟಾರು ಅಪಘಾತಕ್ಕೆ: 6 ತಿಂಗಳು. 2022ರ ಏಪ್ರಿಲ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದ್ದರಿಂದ ದಿನ ಮೀರಿದವರೂ ವಕೀಲರನ್ನು ಕೇಳದೆ ಕೈಬಿಡಬಾರದು.
ಗ್ರಾಹಕ ದೂರಿಗೆ: 2 ವರ್ಷ.
ಕರಾರು ಮುರಿದುದಕ್ಕೆ: 3 ವರ್ಷ.
ವಾಹನವಲ್ಲದ ಬೇರೆ ಕಾರಣದಿಂದ ಸಾವಾಗಿ 1855ರ ಮಾರಕ ಅಪಘಾತ ಕಾಯ್ದೆಯಡಿ ಹೂಡುವ ದಾವೆಗೆ: 2 ವರ್ಷ.
ಮೋಟಾರು ಪ್ರಕರಣದ ಮೇಲ್ಮನವಿಗೆ: 90 ದಿನ.

ಕಾಯ್ದುಕೊಳ್ಳಬೇಕಾದ ಕಾಗದಗಳು

ಆದಾಯಕ್ಕೆ: ಕೂಲಿಯ ಒಂದಿಷ್ಟು ಭಾಗವನ್ನಾದರೂ ಬ್ಯಾಂಕಿನ ಮೂಲಕ ಪಡೆಯಿರಿ. ಪಾಸ್‌ಬುಕ್, ಡೈರಿಯ ಹಾಲಿನ ಚೀಟಿ, ಅಡತಿ ಅಂಗಡಿಯ ಪಟ್ಟಿ, ಕಾರ್ಖಾನೆಯ ಕಬ್ಬಿನ ಬಿಲ್ಲು, ಬೆಳೆ ನೋಂದಣಿ ಇರುವ ಸಾತಬಾರಾ ಅಥವಾ ಪಹಣಿ.
ವಯಸ್ಸಿಗೆ: ಶಾಲೆ ಬಿಟ್ಟ ದಾಖಲೆ, ಜನನ ಪತ್ರ. ಗುಣಕ ನಿಲ್ಲುವುದು ಇದರ ಮೇಲೆ.
ಸಂಬಂಧಕ್ಕೆ: ರೇಷನ್ ಕಾರ್ಡು, ವಾರಸಾ ದಾಖಲೆ. ಎರಡು ರಾಜ್ಯದ ಕಾಗದಗಳಲ್ಲಿ ಹೆಸರು, ಅಡ್ಡಹೆಸರು ಬೇರೆ ಬೇರೆ ಇದ್ದರೆ ಈಗಲೇ ಸರಿ ಮಾಡಿಸಿ.
ಖರ್ಚಿಗೆ: ದವಾಖಾನೆಯ ಡಿಸ್ಚಾರ್ಜ್ ಕಾರ್ಡು, ಔಷಧ ಬಿಲ್ಲು, ವಾಹನ ಬಾಡಿಗೆ ರಸೀದಿ.
ಕರಾರಿಗೆ: ಬರಹ, ವಾಟ್ಸಾಪ್ ಸಂದೇಶ, ತೂಕದ ಚೀಟಿ, ಆ ದಿನದ ದರಪಟ್ಟಿ, ಕಳಿಸಿದ ನೋಟಿಸು.

ವಕೀಲರಿಗೆ ಹಣವಿಲ್ಲದವರು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು. ರಾಷ್ಟ್ರೀಯ ಸಹಾಯವಾಣಿ 15100. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ವಿಮಾ ಕಂಪನಿಯವರು ಹೇಳುವ ಮೊತ್ತಕ್ಕೆ ಒಪ್ಪುವ ಮೊದಲು ಮೇಲಿನ ಐದು ಮೆಟ್ಟಿಲುಗಳ ಲೆಕ್ಕವನ್ನು ಮನೆಯಲ್ಲಿ ಕುಳಿತು ಒಮ್ಮೆ ಹಾಕಿ ನೋಡಿ. ಬರಬೇಕಾದ್ದಕ್ಕೂ ಕೊಡಲು ಬಂದದ್ದಕ್ಕೂ ಎಷ್ಟು ಅಂತರವಿದೆ ಎಂಬುದು ತಿಳಿದ ಮೇಲೆ ಸಹಿ ಹಾಕಿ.

ಇದು ಸದಸ್ಯರ ಸಾಮಾನ್ಯ ತಿಳಿವಳಿಕೆಗಾಗಿ ಬರೆದ ಮಾಹಿತಿ. ಪ್ರತಿ ಪ್ರಕರಣದ ಸಂಗತಿ ಬೇರೆ ಇರುವುದರಿಂದ ಅರ್ಜಿ ಅಥವಾ ದಾವೆ ಹಾಕುವ ಮೊದಲು ವಕೀಲರ ಸಲಹೆ ಪಡೆಯಬೇಕು. ಕನ್ನಡ ಓದಲು ಬಾರದ ಮನೆಗಳಿಗೆ, ಅದರಲ್ಲೂ ದುಡಿಯಲು ಹೊರಗೆ ಹೋಗುವವರ ಮನೆಗಳಿಗೆ ಇದನ್ನು ಓದಿ ಹೇಳಬೇಕೆಂದು ಸದಸ್ಯರಲ್ಲಿ ವಿನಂತಿ.